ಕೊದಾಮಾ ಹತ್ತುವವರಿಗೆ: ಎಲ್ಲ ನಿಲ್ದಾಣದಲ್ಲೂ ನಿಲ್ಲುವ ಶಿಂಕನ್ಸೆನ್‌ನಲ್ಲಿ ಹೋಗುವುದು ಹೇಗೆ

ನಾನಿರುವುದು ಜಪಾನಿನ ಹಮಾಮತ್ಸುವಿನಲ್ಲಿ. ಟೋಕಿಯೊ ಮತ್ತು ಒಸಾಕಾ ನಡುವೆ ಹೆಚ್ಚುಕಡಿಮೆ ಅರ್ಧ ದಾರಿಯಲ್ಲಿರುವ ಊರು. ಸುಜುಕಿ, ಯಮಾಹಾ ಎರಡರ ಮುಖ್ಯ ಕಚೇರಿಯೂ ಇಲ್ಲೇ. ಕೆಲಸಕ್ಕೆ ಅಂತ ಬಂದ ಕನ್ನಡದವರೂ ಇಲ್ಲಿದ್ದೀವಿ. ಊರಿಂದ ಯಾರಾದರೂ ನಮ್ಮ ಮನೆಗೆ ಹೊರಟರೆ ಮೊದಲು ಕೇಳುವುದು ಇದನ್ನೇ: "ಬುಲೆಟ್ ಟ್ರೇನ್ ಹತ್ತಿದ್ರೆ ಸೀದಾ ಬಂದುಬಿಡ್ತೀವಿ ಅಲ್ವಾ?" ಬರಬಹುದು. ಆದರೆ ಯಾವ ಬುಲೆಟ್ ಟ್ರೇನ್ (ಇಲ್ಲಿ ಶಿಂಕನ್ಸೆನ್ ಅಂತಾರೆ) ಅನ್ನೋದನ್ನ ನೋಡಿಕೊಂಡು ಹತ್ತಬೇಕು. ಎಲ್ಲಕ್ಕಿಂತ ಜೋರಾಗಿ ಹೋಗುವ ನೊಝೊಮಿ ನಮ್ಮೂರಲ್ಲಿ ನಿಲ್ಲುವುದೇ ಇಲ್ಲ. ನಮ್ಮೂರು ಮಾತ್ರ ಅಲ್ಲ, ಶಿಜುವೋಕಾ ಪ್ರಾಂತ್ಯದಲ್ಲಿ ಈ ಮಾರ್ಗದ 6 ನಿಲ್ದಾಣಗಳಿವೆ, ಒಂದರಲ್ಲೂ ನಿಲ್ಲುವುದಿಲ್ಲ. ಅತಾಮಿ, ಮಿಶಿಮಾ, ಶಿನ್-ಫುಜಿ, ಶಿಜುವೋಕಾ, ಕಾಕೆಗಾವಾ, ಹಮಾಮತ್ಸು, ಇಷ್ಟೂ ಊರಿನವರಿಗೆ ನಂಬಿಕೆಯ ಗಾಡಿ ಕೊದಾಮಾ.

ಟೋಕಿಯೊದಿಂದ ಶಿನ್-ಒಸಾಕಾವರೆಗಿನ ಈ ಮಾರ್ಗದ ಹೆಸರು ತೊಕಾಯ್ದೊ ಶಿಂಕನ್ಸೆನ್. ಒಟ್ಟು 17 ನಿಲ್ದಾಣ, ಕೊದಾಮಾ ಅಷ್ಟರಲ್ಲೂ ನಿಲ್ಲುತ್ತದೆ. ನೊಝೊಮಿ ನಿಲ್ಲುವುದು ಟೋಕಿಯೊ, ಶಿನಾಗಾವಾ, ಶಿನ್-ಯೊಕೊಹಾಮಾ, ನಗೋಯಾ, ಕ್ಯೋಟೊ, ಶಿನ್-ಒಸಾಕಾ, ಇಷ್ಟರಲ್ಲಿ ಮಾತ್ರ. ಎರಡರ ನಡುವೆ ಹಿಕಾರಿ ಅಂತ ಇನ್ನೊಂದಿದೆ. ಅದು ಗಾಡಿಗೊಂದು ರೀತಿ ನಿಲ್ಲುತ್ತದೆ. ಒಂದು ಹಿಕಾರಿ ಹಮಾಮತ್ಸುವಿನಲ್ಲಿ ನಿಂತಿತು ಅಂತ ಮುಂದಿನದೂ ನಿಲ್ಲುತ್ತದೆ ಅಂದುಕೊಳ್ಳಬೇಡಿ.

ಕೊದಾಮಾ ಅಂದರೆ ಹಳೆಯ, ಸವೆದ ಗಾಡಿ ಅನ್ನೋ ಕಲ್ಪನೆ ಬಹಳ ಜನಕ್ಕಿದೆ. ಅದನ್ನು ಮೊದಲು ತೆಗೆದುಹಾಕಿ. ಈ ಮಾರ್ಗದಲ್ಲಿ ನೊಝೊಮಿಗೆ ಹಾಕುವ ಗಾಡಿಯನ್ನೇ ಕೊದಾಮಾಗೂ ಹಾಕುತ್ತಾರೆ. ಅದೇ 16 ಬೋಗಿ, ಅದೇ ಸುಮಾರು 1,320 ಸೀಟು, ಅದೇ ಸೀಟಿನ ಮೆತ್ತೆ. ನಿಲ್ಲುವುದರಲ್ಲಷ್ಟೇ ವ್ಯತ್ಯಾಸ. ಇನ್ನೊಂದು ವಿಷಯ. 1964ರ ಅಕ್ಟೋಬರ್ 1ರಂದು ಈ ಮಾರ್ಗ ಶುರುವಾದಾಗ ಅತಿ ವೇಗದ ಹಿಕಾರಿ ಟೋಕಿಯೊದಿಂದ ಶಿನ್-ಒಸಾಕಾಗೆ 4 ಗಂಟೆ ತೆಗೆದುಕೊಳ್ಳುತ್ತಿತ್ತು. ಅಂದಿನ ಕೊದಾಮಾಗೆ 5 ಗಂಟೆ. ಇಂದಿನ ಕೊದಾಮಾ ಎಲ್ಲ ಕಡೆ ನಿಂತು, ಹಿಂದಿನಿಂದ ಬಂದ ಗಾಡಿಗಳಿಗೆಲ್ಲ ದಾರಿ ಬಿಟ್ಟುಕೊಟ್ಟು, ಸುಮಾರು 4 ಗಂಟೆಗೇ ತಲುಪುತ್ತದೆ. ಅಂದು ಜಗತ್ತೇ ಬೆರಗಾಗಿ ನೋಡಿದ ವೇಗದಲ್ಲೇ ನೀವು ಹೋಗುತ್ತಿರುತ್ತೀರಿ.

ಯಾವಾಗ ಹತ್ತಬೇಕು, ಯಾವಾಗ ಬೇಡ

ಟೋಕಿಯೊದಿಂದ ಕ್ಯೋಟೊಗೆ ಹೋಗಿ ಸಂಜೆಯೊಳಗೆ ದೇವಸ್ಥಾನ ನೋಡಬೇಕು ಅಂದರೆ ಕೊದಾಮಾ ಬೇಡ. ನೊಝೊಮಿ ಹತ್ತಿ. ಶಿನ್-ಒಸಾಕಾವರೆಗೂ ಅದು ಸುಮಾರು ಎರಡೂವರೆ ಗಂಟೆಯ ದಾರಿ. ಸುಮ್ನೆ ಸಮಯ ಕಳೆಯಬೇಡಿ.

ಶಿನ್-ಫುಜಿ, ಕಾಕೆಗಾವಾ, ಮಿಕಾವಾ-ಅಂಜೊ, ಈ ಮೂರಕ್ಕೆ ಹೋಗುವವರಿಗೆ ಬೇರೆ ದಾರಿಯೇ ಇಲ್ಲ, ಅಲ್ಲಿ ಕೊದಾಮಾ ಮಾತ್ರ ನಿಲ್ಲುವುದು. ಮೂರೂ 1988ರಲ್ಲಿ ಶುರುವಾದವು. ನಮಗೂ ನಿಲ್ದಾಣ ಬೇಕು ಅಂತ ಊರಿನವರೇ ಪಟ್ಟು ಹಿಡಿದು, ಖರ್ಚನ್ನೂ ಹೊತ್ತು ಪಡೆದುಕೊಂಡ ನಿಲ್ದಾಣಗಳು. ಕಾಕೆಗಾವಾದಲ್ಲಂತೂ ಜನ ಮನೆಮನೆಯಿಂದ ದುಡ್ಡು ಕೊಟ್ಟಿದ್ದಾರೆ. ಅಲ್ಲಿ ಗಾಡಿ ನಿಂತಾಗ ನನಗೆ ಒಂದು ಗೌರವ ಮೂಡುತ್ತದೆ.

ಅತಾಮಿಯ ಬಿಸಿನೀರಿನ ಬುಗ್ಗೆ, ಒದಾವಾರಾದಿಂದ ಹಾಕೊನೆ ಬೆಟ್ಟ, ನಮ್ಮ ಹಮಾಮತ್ಸು, ಇವಕ್ಕೂ ಕೊದಾಮಾ ಚೆನ್ನಾಗಿ ಹೊಂದುತ್ತದೆ. ಟೋಕಿಯೊದಿಂದ ಹಮಾಮತ್ಸುವಿಗೆ ಸುಮಾರು ಎರಡು ಗಂಟೆ. ನಿಲ್ಲುವ ಹಿಕಾರಿ ಸಿಕ್ಕರೆ ಒಂದೂವರೆ ಗಂಟೆಯೊಳಗೆ ಬರಬಹುದು. ಆದರೆ ಆ ಹಿಕಾರಿಗೆ ಮುಕ್ಕಾಲು ಗಂಟೆ ಕಾಯಬೇಕಾದರೆ ಎದುರಿಗಿರುವ ಕೊದಾಮಾ ಹತ್ತುವುದೇ ಒಳ್ಳೆಯದು. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ನಾನು ಕೊದಾಮಾವನ್ನೇ ಹೇಳುವುದು. ಸೀಟು ಸಿಗುತ್ತದೆ, ಗಲಾಟೆ ಇರುವುದಿಲ್ಲ.

ಟಿಕೆಟ್

ಇಲ್ಲೇ ಬಹಳ ಜನ ತಪ್ಪು ತಿಳಿಯುತ್ತಾರೆ. ನಿಧಾನದ ಗಾಡಿ, ಹಾಗಾಗಿ ಟಿಕೆಟ್ ಅಗ್ಗ ಇರುತ್ತದೆ ಅಂದುಕೊಳ್ಳುತ್ತಾರೆ. ಇಲ್ಲ. ಟೋಕಿಯೊದಿಂದ ಶಿನ್-ಒಸಾಕಾಗೆ ರಿಸರ್ವೇಶನ್ ಇಲ್ಲದ ಸೀಟಿಗೆ 13,870 ಯೆನ್. ನೊಝೊಮಿಗೂ ಅಷ್ಟೇ, ಕೊದಾಮಾಗೂ ಅಷ್ಟೇ. ರಿಸರ್ವ್ ಮಾಡಿಸಿದರೆ ಸಾಮಾನ್ಯ ದಿನಗಳಲ್ಲಿ ಕೊದಾಮಾ, ಹಿಕಾರಿ ಎರಡಕ್ಕೂ 14,400, ನೊಝೊಮಿಗೆ 14,720.

ಹಾಗಾದರೆ ಅಗ್ಗ ಹೇಗೆ? ಪುರಾತ್ತೊ ಕೊದಾಮಾ ಅಂತ ಒಂದು ಟಿಕೆಟ್ ಇದೆ. ಜೆಆರ್ (ಜಪಾನ್ ರೈಲ್ವೆ) ಗುಂಪಿನ ಪ್ರವಾಸ ಕಂಪನಿ ಜೆಆರ್ ತೊಕಾಯ್ ಟೂರ್ಸ್ ಅದನ್ನು ಮಾರುತ್ತದೆ. ಕೆಲವು ದೊಡ್ಡ ನಿಲ್ದಾಣಗಳ ನಡುವೆ ಮಾತ್ರ ಸಿಗುತ್ತದೆ. ದರ ಮಾಮೂಲಿಗಿಂತ ಕಡಿಮೆ, ಜೊತೆಗೆ ನಿಲ್ದಾಣದ ಅಂಗಡಿಯಲ್ಲಿ ಒಂದು ಪಾನೀಯ ತೆಗೆದುಕೊಳ್ಳಲು ಚೀಟಿ ಕೊಡುತ್ತಾರೆ. ಕಟ್ಟುಪಾಡು ಮಾತ್ರ ಬಿಗಿ. ಯಾವ ಗಾಡಿಗೆ ತೆಗೆದುಕೊಂಡಿದ್ದೀರೋ ಅದಕ್ಕೇ ಹತ್ತಬೇಕು. ತಪ್ಪಿಸಿಕೊಂಡರೆ ಮುಂದಿನ ಗಾಡಿಯಲ್ಲಿ ರಿಸರ್ವೇಶನ್ ಇಲ್ಲದ ಸೀಟಿಗೂ ಬಿಡುವುದಿಲ್ಲ, ಹೊಸ ಟಿಕೆಟ್ಟೇ ಬೇಕು. ನಡುವೆ ಇಳಿಯುವಂತೆಯೂ ಇಲ್ಲ. ನರಿತಾದಲ್ಲಿ ವಿಮಾನ ಇಳಿದು ಅದೇ ದಿನ ಬರುವವರಿಗೆ ಇದನ್ನು ನಾನು ಹೇಳುವುದಿಲ್ಲ. ವಿಮಾನ ತಡವಾದರೆ ದುಡ್ಡು ಹೋಯಿತು ಅಂತಲೇ ಲೆಕ್ಕ. ಟೋಕಿಯೊದಲ್ಲಿ ಒಂದು ರಾತ್ರಿ ಉಳಿದು ಬೆಳಿಗ್ಗೆ ಹೊರಡುವವರಿಗೆ ಇದು ಸರಿ.

ಪ್ರವಾಸಿಗರ ಜೆಆರ್ ಪಾಸ್ ಇದ್ದರೆ ಕೊದಾಮಾ, ಹಿಕಾರಿಗೆ ಮೇಲೆ ಏನೂ ಕೊಡಬೇಕಿಲ್ಲ. ನೊಝೊಮಿಗೆ ಮಾತ್ರ ಹೆಚ್ಚುವರಿ ದುಡ್ಡು ಕೊಡಬೇಕು. ಆದರೆ 2023ರ ಅಕ್ಟೋಬರ್‌ನಲ್ಲಿ 7 ದಿನದ ಪಾಸನ್ನು 50,000 ಯೆನ್‌ಗೆ ಏರಿಸಿದರು. ಟೋಕಿಯೊ–ಒಸಾಕಾ ಹೋಗಿಬರಲು ಬಿಡಿ ಟಿಕೆಟ್ಟೇ 27,740ಕ್ಕೆ ಆಗುತ್ತದೆ. ಅದರಾಚೆ ಹಿರೋಶಿಮಾ, ಫುಕುಒಕಾ ಅಂತ ತಿರುಗುವವರು ಮಾತ್ರ ಪಾಸಿನ ಲೆಕ್ಕ ಹಾಕಿ ನೋಡಿ.

ಫೋನಿನಲ್ಲೇ ತೆಗೆದುಕೊಳ್ಳಲು ಸ್ಮಾರ್ಟ್‌ಇಎಕ್ಸ್ ಅನ್ನೋ ಆ್ಯಪ್ ಇದೆ, ಇಂಗ್ಲಿಷ್‌ನಲ್ಲೂ ಸಿಗುತ್ತದೆ. ಮೆಟ್ರೋದಲ್ಲಿ ಉಜ್ಜುವ ಸುಯಿಕಾ ಕಾರ್ಡನ್ನು ಆ ಆ್ಯಪ್‌ಗೆ ಜೋಡಿಸದೆ ಶಿಂಕನ್ಸೆನ್ ಗೇಟಿನಲ್ಲಿ ಇಟ್ಟರೆ ಗೇಟು ತೆರೆಯುವುದಿಲ್ಲ.

ನನಗೆ ಇಷ್ಟವಾದದ್ದು ಕಾಗದದ ಟಿಕೆಟ್. ಕಾರಣ ಹೇಳುತ್ತೇನೆ. ಅದು ಎರಡು ತುಂಡಿನ ಲೆಕ್ಕ. ಒಂದು ಮೂಲ ಪ್ರಯಾಣದರ, ಇನ್ನೊಂದು ಶಿಂಕನ್ಸೆನ್‌ಗೆ ಅಂತ ಕೊಡುವ ಹೆಚ್ಚುವರಿ. ಟೋಕಿಯೊ–ಶಿನ್-ಒಸಾಕಾಗೆ 8,910 ಮತ್ತು 4,960. ಮೂಲ ದರದ ಟಿಕೆಟ್ 100 ಕಿ.ಮೀ.ಗಿಂತ ಜಾಸ್ತಿ ದೂರದ್ದಾದರೆ ದಾರಿಯಲ್ಲಿ ಇಳಿದು ಊರು ನೋಡಿ ಮತ್ತೆ ಮುಂದುವರಿಯಬಹುದು. ಟೋಕಿಯೊದಿಂದ ಒಸಾಕಾವರೆಗಿನದಕ್ಕೆ 4 ದಿನದ ಅವಧಿ ಇದೆ. ಹೆಚ್ಚುವರಿ ಟಿಕೆಟ್ ಮಾತ್ರ ಗೇಟಿನಿಂದ ಹೊರಗೆ ಬಂದ ತಕ್ಷಣ ಮುಗಿದುಹೋಗುತ್ತದೆ, ಗೇಟೇ ಅದನ್ನು ನುಂಗಿಕೊಳ್ಳುತ್ತದೆ. ಹಾಗಾಗಿ ಎಲ್ಲಿ ಇಳಿಯಬೇಕು ಅಂತ ಮೊದಲೇ ಗೊತ್ತಿದ್ದರೆ ಕೌಂಟರಿನಲ್ಲಿ ಹೇಳಿ: ಮೂಲ ಟಿಕೆಟ್ ಒಸಾಕಾವರೆಗೆ ಒಂದು, ಹೆಚ್ಚುವರಿ ಟಿಕೆಟ್ ಎರಡು ತುಂಡು, ಕಾಕೆಗಾವಾವರೆಗೆ ಒಂದು, ಅಲ್ಲಿಂದ ಮುಂದಕ್ಕೆ ಒಂದು. ಪೂರ್ತಿ ಎರಡು ಬೇರೆ ಟಿಕೆಟ್ ಕೊಳ್ಳುವುದಕ್ಕಿಂತ ಇದು ಅಗ್ಗ. ಗೇಟಿನಿಂದ ಹೊರಗೆ ಹೋಗದೆ ಪ್ಲಾಟ್‌ಫಾರಂನಲ್ಲೇ ಇಳಿದು, ರಿಸರ್ವೇಶನ್ ಇಲ್ಲದ ಟಿಕೆಟ್‌ನಲ್ಲಿ ಹಿಂದೆ ಬರುವ ಕೊದಾಮಾ ಹತ್ತುವುದಕ್ಕಂತೂ ಏನೂ ಅಡ್ಡಿಯಿಲ್ಲ. ಆ್ಯಪ್‌ನಲ್ಲಿ ತೆಗೆದುಕೊಂಡ ಟಿಕೆಟ್‌ಗೆ ದಾರಿಯಲ್ಲಿ ಇಳಿಯುವ ಅನುಕೂಲ ಇಲ್ಲ.

ರಿಸರ್ವೇಶನ್ ಬೇಕೇ? ಕೊದಾಮಾಗೆ ಸಾಮಾನ್ಯವಾಗಿ ಬೇಕಿಲ್ಲ. ನೊಝೊಮಿಯಲ್ಲಿ ರಿಸರ್ವೇಶನ್ ಇಲ್ಲದ ಬೋಗಿ ಈಗ ಎರಡೇ. ಕೊದಾಮಾದಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಹೊಸ ವರ್ಷ, ಮೇ ತಿಂಗಳ ಮೊದಲ ವಾರದ ರಜೆ, ಆಗಸ್ಟ್‌ನ ಒಬೋನ್ ಹಬ್ಬ, ಈ ಮೂರು ಸಮಯದಲ್ಲಿ ನೊಝೊಮಿ ಪೂರ್ತಿ ರಿಸರ್ವೇಶನ್ ಆಗಿಬಿಡುತ್ತದೆ. ಆಗಲೂ ಕೊದಾಮಾದಲ್ಲಿ ಹಾಗೇ ಹತ್ತುವ ಬೋಗಿಗಳಿರುತ್ತವೆ. 6 ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಟಿಕೆಟ್ ಬೇಡ, ಒಬ್ಬ ದೊಡ್ಡವರ ಜೊತೆ ಇಬ್ಬರವರೆಗೆ. 6ರಿಂದ 11ಕ್ಕೆ ಅರ್ಧ.

ಹತ್ತುವುದು, ಕೂರುವುದು

ಟೋಕಿಯೊದಲ್ಲಿ ಈ ಮಾರ್ಗದ ಪ್ಲಾಟ್‌ಫಾರಂಗಳು 14ರಿಂದ 19. ಒಂದೇ ಪ್ಲಾಟ್‌ಫಾರಂನಿಂದ ಒಂದರ ಹಿಂದೆ ಒಂದು ಬೇರೆ ಬೇರೆ ಗಾಡಿ ಹೊರಡುತ್ತವೆ, ಎಲ್ಲ ನೋಡಲು ಒಂದೇ ಥರ. ಬೋಗಿಯ ಪಕ್ಕದ ಬೋರ್ಡು ನೋಡಿ. ಕೊದಾಮಾ ನೀಲಿ, ಹಿಕಾರಿ ಕೆಂಪು, ನೊಝೊಮಿ ಹಳದಿ. ಗಾಡಿಯ ನಂಬರು ಬೆಸವಾದರೆ ಒಸಾಕಾ ಕಡೆಗೆ, ಸಮವಾದರೆ ಟೋಕಿಯೊ ಕಡೆಗೆ. ಇನ್ನೊಂದು ಗಮನಿಸಿ: ಕೊದಾಮಾಗಳಲ್ಲಿ ಕೆಲವು ನಗೋಯಾದಲ್ಲೇ ಮುಗಿಯುತ್ತವೆ, ಕೆಲವು ಅದಕ್ಕೂ ಮೊದಲೇ. ಕೊನೆಯ ನಿಲ್ದಾಣದ ಹೆಸರನ್ನೂ ಓದಿಕೊಂಡೇ ಹತ್ತಿ. ನೊಝೊಮಿಗೆ ತಪ್ಪಿ ಹತ್ತಿದರೆ ಶಿನ್-ಯೊಕೊಹಾಮಾ ಬಿಟ್ಟ ಮೇಲೆ ನಗೋಯಾವರೆಗೂ ಬಾಗಿಲು ತೆರೆಯುವುದಿಲ್ಲ.

ಸೀಟು ಒಂದು ಕಡೆ ಮೂರು, ಇನ್ನೊಂದು ಕಡೆ ಎರಡು. ಎ, ಬಿ, ಸಿ ಸಮುದ್ರದ ಕಡೆ. ಡಿ, ಇ ಬೆಟ್ಟದ ಕಡೆ. ಫುಜಿ ಪರ್ವತ ಕಾಣುವುದು ಇ ಕಿಟಕಿಯಿಂದ. ಮೂರರ ನಡುವಿನ ಬಿ ಸೀಟು ಯಾರಿಗೂ ಬೇಡ, ಅಲ್ವಾ? ಅದಕ್ಕೇ ಅದನ್ನು ಉಳಿದವಕ್ಕಿಂತ 2 ಸೆಂ.ಮೀ. ಅಗಲ ಮಾಡಿದ್ದಾರೆ. ಮೈ ತುಂಬಿಕೊಂಡವರಿಗೆ ಅದೇ ಆರಾಮ. ಸೀಟಿನ ಕೆಳಗಿನ ಪೆಡಲ್ ಒತ್ತಿದರೆ ಪೂರ್ತಿ ಸಾಲು ತಿರುಗುತ್ತದೆ. ಮನೆಯವರೆಲ್ಲ ಎದುರುಬದುರು ಕೂತು ಬರಬಹುದು. ಹಿಂದೆ ಯಾರಾದರೂ ಕೂತಿದ್ದರೆ ಒಂದು ಮಾತು ಕೇಳಿ ತಿರುಗಿಸಿ.

ಟಾಯ್ಲೆಟ್ ಇರುವುದು ಬೆಸ ಸಂಖ್ಯೆಯ ಬೋಗಿಗಳಲ್ಲಿ. ಗಾಲಿಕುರ್ಚಿ ಹೋಗುವಷ್ಟು ದೊಡ್ಡದು 11ನೇ ಬೋಗಿಯಲ್ಲಿ. ಮಂಡಿ ನೋವಿನ ಹಿರಿಯರು ಬರುತ್ತಿದ್ದರೆ ಆ ಆಸುಪಾಸಿನಲ್ಲೇ ಸೀಟು ನೋಡಿ. ಫೋನ್ ಚಾರ್ಜ್ ಮಾಡುವ ಪ್ಲಗ್ ಹೊಸ ಎನ್700ಎಸ್ ಗಾಡಿಯಲ್ಲಿ ಎಲ್ಲ ಸೀಟಿಗೂ ಇದೆ. ಅದಕ್ಕಿಂತ ಹಿಂದಿನದರಲ್ಲಿ ಕಿಟಕಿ ಪಕ್ಕದವರಿಗೆ ಮತ್ತು ಬೋಗಿಯ ತುದಿಯ ಸಾಲಿನವರಿಗೆ.

ಊರಿಂದ ಬರುವವರ ದೊಡ್ಡ ಸೂಟ್‌ಕೇಸ್ ಬಗ್ಗೆ ಒಂದು ಮಾತು. ಉದ್ದ, ಅಗಲ, ಎತ್ತರ ಮೂರೂ ಕೂಡಿದರೆ 160 ಸೆಂ.ಮೀ. ದಾಟುವ ಪೆಟ್ಟಿಗೆಗೆ 2020ರಿಂದ ಬೇರೆ ನಿಯಮ ಇದೆ. ಬೋಗಿಯ ಹಿಂಬದಿಯಲ್ಲಿ ಸಾಮಾನಿಗೆ ಜಾಗ ಇರುವ ಸೀಟನ್ನೇ ರಿಸರ್ವ್ ಮಾಡಿಸಬೇಕು. ಅದಕ್ಕೆ ಬೇರೆ ದುಡ್ಡಿಲ್ಲ. ಮಾಡಿಸದೆ ತಂದರೆ 1,000 ಯೆನ್ ಕಟ್ಟಬೇಕು. ಇಂಥ ಪೆಟ್ಟಿಗೆ ಇದ್ದವರು ಮಾತ್ರ ಕೊದಾಮಾಗೂ ರಿಸರ್ವೇಶನ್ ಮಾಡಿಸಿ.

ನಿಂತ ನಿಮಿಷಗಳು

ನನ್ನ ಪ್ರಕಾರ ಕೊದಾಮಾದ ಸೊಗಸಿರುವುದೇ ಇಲ್ಲಿ. ಅರಸೀಕೆರೆಯಲ್ಲಿ ಪ್ಯಾಸೆಂಜರ್ ಗಾಡಿ ಕ್ರಾಸಿಂಗ್‌ಗೆ ನಿಲ್ಲುತ್ತದಲ್ಲ, ಹಾಗೇ ಇಲ್ಲೂ. ಆದರೆ ಇಲ್ಲಿ ನಿಮಿಷ ತಪ್ಪುವುದಿಲ್ಲ. ಒದಾವಾರಾ, ಮಿಶಿಮಾ, ಶಿನ್-ಫುಜಿ, ಕಾಕೆಗಾವಾ, ತೊಯೋಹಾಶಿ, ಹೀಗೆ ಬಹುಪಾಲು ನಿಲ್ದಾಣಗಳಲ್ಲಿ ನಿಲ್ಲುವ ಹಳಿ ಬೇರೆ, ದಾಟಿಹೋಗುವ ಹಳಿ ಬೇರೆ. ಕೊದಾಮಾ ಪಕ್ಕದ ಹಳಿಗೆ ಸರಿದು ಬಾಗಿಲು ತೆರೆದು ಮೂರು, ನಾಲ್ಕು, ಕೆಲವೊಮ್ಮೆ ಐದಾರು ನಿಮಿಷ ನಿಲ್ಲುತ್ತದೆ. ಮೊದಲು ಏನೂ ಇಲ್ಲ. ಬೋಗಿಯೊಳಗೆ ಪುಟ ತಿರುಗಿಸುವ ಸದ್ದೂ ಕೇಳಿಸುತ್ತದೆ. ಆಮೇಲೆ ಕಿಟಕಿ ಗಾಜು ಒಮ್ಮೆ ಬಡಿದಂತಾಗಿ ಇಡೀ ಬೋಗಿ ಆಚೆ ವಾಲಿ ಈಚೆ ಬರುತ್ತದೆ. ಮಡಚು ಮೇಜಿನ ಮೇಲಿನ ಚಹಾ ಬಾಟಲಿಯಲ್ಲಿ ಅಲೆ ಏಳುತ್ತದೆ. ಹೊರಗೆ ಬಿಳಿ ಬಣ್ಣದ ಒಂದು ಪಟ್ಟಿ ಎಳೆದಂತೆ ಕಾಣುತ್ತದೆ, ನಡುವೆ ನೀಲಿ ಗೆರೆ. ಮುಗಿಯಿತು. 400 ಮೀಟರ್ ಉದ್ದದ ನೊಝೊಮಿ ಗಂಟೆಗೆ 285 ಕಿ.ಮೀ. ವೇಗದಲ್ಲಿದ್ದರೆ ನಿಮ್ಮನ್ನು ದಾಟಲು ಐದೇ ಸೆಕೆಂಡು ಸಾಕು. ಶಿಂಕನ್ಸೆನ್ ವೇಗ ಅಂದರೆ ಏನು ಅಂತ ಒಳಗೆ ಕೂತವರಿಗೆ ಗೊತ್ತಾಗುವುದಿಲ್ಲ. ನಿಂತ ಗಾಡಿಯಿಂದ ನೋಡಬೇಕು.

ಮಕ್ಕಳಿಗೆ ಇದನ್ನು ತೋರಿಸಬೇಕಾದರೆ ದಾಟುವ ಹಳಿ ಯಾವ ಕಡೆ ಅಂತ ನೋಡಿ ಆ ಕಿಟಕಿಗೆ ಕೂರಿಸಿ. ಬಾಗಿಲು ತೆರೆಯುವ ಕಡೆ ಅಲ್ಲ, ಅದರ ಎದುರು ಕಡೆ. ಅತಾಮಿಯಲ್ಲಿ ಮಾತ್ರ ಇದು ಸಿಗುವುದಿಲ್ಲ. ಬೆಟ್ಟದ ಇಕ್ಕಟ್ಟಿನಲ್ಲಿ ಕಟ್ಟಿದ ನಿಲ್ದಾಣ ಅದು. ದಾಟಲು ಬೇರೆ ಹಳಿ ಹಾಕಲು ಜಾಗವೇ ಇರಲಿಲ್ಲ. ಹಾಗಾಗಿ ಅಲ್ಲಿ ಕೊದಾಮಾ ಜಾಸ್ತಿ ಹೊತ್ತು ನಿಲ್ಲುವುದೂ ಇಲ್ಲ. ಅತಾಮಿಯಲ್ಲಿ ಇಳಿಯುವವರು ಮೊದಲೇ ಬಾಗಿಲ ಹತ್ತಿರ ಬಂದು ನಿಂತಿರಿ.

ಈ ನಿಮಿಷಗಳಲ್ಲಿ ಪ್ಲಾಟ್‌ಫಾರಂಗೆ ಇಳಿದು ಕೈಕಾಲು ಆಡಿಸಬಹುದು, ಯಂತ್ರದಿಂದ ಬಿಸಿ ಚಹಾ ತರಬಹುದು. ಎಷ್ಟು ಹೊತ್ತಿಗೆ ಹೊರಡುತ್ತದೆ ಅಂತ ಫೋನಿನಲ್ಲಿ ಸಮಯ ನೋಡಿಕೊಂಡೇ ಇಳಿಯಿರಿ, ಒಂದು ನಿಮಿಷ ಮೊದಲೇ ಒಳಗಿರಿ. 16:32 ಅಂದರೆ 16:32ಕ್ಕೆ ಹೊರಟೇ ಬಿಡುತ್ತದೆ. ಎಲ್ಲರೂ ಒಟ್ಟಿಗೆ ಇಳಿಯಬೇಡಿ, ಒಬ್ಬರು ಸಾಮಾನಿನ ಹತ್ತಿರ ಇರಲಿ. ಮಿಶಿಮಾದಲ್ಲಿ ಇಳಿದರೆ ಜೋಪಾನ. ಅಲ್ಲಿ ಒಂದೇ ಪ್ಲಾಟ್‌ಫಾರಂನ ಒಂದು ಬದಿಗೆ ಟೋಕಿಯೊ ಗಾಡಿ, ಇನ್ನೊಂದು ಬದಿಗೆ ಒಸಾಕಾ ಗಾಡಿ.

ನಮ್ಮ ಅತ್ತೆಗೆ ಫುಜಿ ನೋಡಬೇಕೆಂಬ ಆಸೆ ಬಹಳ ಇತ್ತು. ಜನವರಿ ಬೆಳಿಗ್ಗೆಯ ಕೊದಾಮಾದಲ್ಲಿ ಇ ಸೀಟಿನಲ್ಲಿ ಕೂರಿಸಿದೆ. ನೊಝೊಮಿಯಲ್ಲಾದರೆ ಕನ್ನಡಕ ಹುಡುಕುವಷ್ಟರಲ್ಲಿ ಬೆಟ್ಟ ಹಿಂದಕ್ಕೆ ಹೋಗಿರುತ್ತಿತ್ತು. ಶಿನ್-ಫುಜಿಯಲ್ಲಿ ಗಾಡಿ ನಿಂತೇ ಇತ್ತು. ಅವರು ನಿಧಾನವಾಗಿ ಕನ್ನಡಕ ಒರೆಸಿ ಹಾಕಿಕೊಂಡು, ಕೈ ಮುಗಿದು, "ಎಷ್ಟು ಹತ್ತಿರ ಇದ್ಯೇ ಇದು" ಅಂದರು. ಹಿಮ ಹೊದ್ದ 3,776 ಮೀಟರ್‌ನ ಬೆಟ್ಟ ಪೂರ್ತಿ ಕಾಣುವುದು ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಬೆಳಿಗ್ಗೆಗಳಲ್ಲಿ. ಬೇಸಿಗೆಯಲ್ಲಿ ಮೋಡದ ಹಿಂದೆ ಇರುವುದೇ ಜಾಸ್ತಿ. ಶಿನ್-ಫುಜಿ ಬಿಟ್ಟ ಸ್ವಲ್ಪ ಹೊತ್ತಿಗೆ ಫುಜಿ ನದಿಯ ಸೇತುವೆ ಬರುತ್ತದೆ, ಅಲ್ಲೂ ಚೆನ್ನಾಗಿ ಕಾಣುತ್ತದೆ. ಎ ಸೀಟಿನವರಿಗೆ ಹಮಾಮತ್ಸು ದಾಟಿದ ಮೇಲೆ ಹಮಾನಾ ಸರೋವರ ಸಮುದ್ರಕ್ಕೆ ಸೇರುವ ಜಾಗ ಸಿಗುತ್ತದೆ, ನೀರಿನಲ್ಲಿ ನಿಂತ ಕೆಂಪು ತೋರಣಕಂಬ ಹುಡುಕಿ.

ಊಟ

ಗಾಡಿಯೊಳಗೆ ಏನೂ ಮಾರುವುದಿಲ್ಲ. ಕೊದಾಮಾದಲ್ಲಿ ತಳ್ಳುಗಾಡಿ 2012ರಲ್ಲೇ ನಿಂತುಹೋಯಿತು. ಹತ್ತುವ ಮೊದಲೇ ತೆಗೆದುಕೊಳ್ಳಿ. ಶಿಂಕನ್ಸೆನ್‌ನಲ್ಲಿ ಕೂತು ತಿನ್ನುವುದಕ್ಕೆ ಯಾರೂ ಏನೂ ಅನ್ನುವುದಿಲ್ಲ, ಇಲ್ಲಿಯವರೂ ಬುತ್ತಿ ಬಿಚ್ಚುತ್ತಾರೆ. ಮೀನು ತಿನ್ನುವವರು ಶಿಜುವೋಕಾದ ತಾಯ್‌ಮೆಶಿ ಬುತ್ತಿ ನೋಡಿ, 1897ರಿಂದ ಮಾರುತ್ತಿರುವುದು. ಅನ್ನದ ಮೇಲೆ ಸಿಹಿಯಾಗಿ ಹುರಿದ ಮೀನಿನ ಪುಡಿ, ಅಷ್ಟೇ. ಹಮಾಮತ್ಸುವಿನದು ಹಾವುಮೀನು.

ಸಸ್ಯಾಹಾರಿಗಳಿಗೆ ಕಷ್ಟ. ತೊಯೋಹಾಶಿಯ ಇನಾರಿ ಸುಶಿಯನ್ನು ಸಸ್ಯಾಹಾರ ಅಂತ ಹೇಳುವವರಿದ್ದಾರೆ. ಕರಿದ ತೋಫು ಚೀಲದಲ್ಲಿ ಅನ್ನ ಅನ್ನೋದು ನಿಜ, ಆದರೆ ಇನಾರಿಯ ತೋಫುವನ್ನು ಸಾಮಾನ್ಯವಾಗಿ ಬೇಯಿಸುವುದು ಮೀನಿನ ಸಾರಿನಲ್ಲಿ. ಕಟ್ಟುನಿಟ್ಟಿನವರಿಗೆ ಆಗುವುದಿಲ್ಲ. ಉಪ್ಪು ಹಾಕಿದ ಅನ್ನದ ಉಂಡೆ, ಬಾಳೆಹಣ್ಣು, ಮೊಸರು ನಿಲ್ದಾಣದ ಅಂಗಡಿಯಲ್ಲಿ ಸಿಗುತ್ತವೆ. ಚಪಾತಿ–ಚಟ್ನಿಪುಡಿ ಕಟ್ಟಿಕೊಂಡು ಬಂದರೆ ಇನ್ನೂ ಒಳ್ಳೆಯದು. ಬೆಳ್ಳುಳ್ಳಿ ಪುಡಿ ಬೇಡ, ಮುಚ್ಚಿದ ಬೋಗಿ, ಪಕ್ಕದವರಿಗೆ ವಾಸನೆ ತಡೆಯುವುದಿಲ್ಲ.

ಇಳಿದು ನೋಡುವುದಾದರೆ

ಒಂದೇ ಕಡೆ ಇಳಿಯುವುದಾದರೆ ನಾನು ಕಾಕೆಗಾವಾ ಹೇಳುತ್ತೇನೆ. ಉತ್ತರದ ಬಾಗಿಲಿನ ನಿಲ್ದಾಣ ಇನ್ನೂ ಹಳೇ ಮರದ ಕಟ್ಟಡವಾಗಿಯೇ ಇದೆ. ನೇರ ನಡೆದರೆ ಕೋಟೆ ಸಿಗುತ್ತದೆ, 1994ರಲ್ಲಿ ಮರದಲ್ಲೇ ಮತ್ತೆ ಕಟ್ಟಿದ್ದು. ಒಳಗಿನ ಮೆಟ್ಟಿಲು ಬಹಳ ಕಡಿದು, ಹಿರಿಯರು ಕೆಳಗೇ ಉಳಿಯಲಿ. ಸುತ್ತಲ ಗುಡ್ಡವೆಲ್ಲ ಚಹಾ ತೋಟ. ಎರಡು ಗಂಟೆ ಸಾಕು. ಮುಂದಿನ ಕೊದಾಮಾ ಹತ್ತಬಹುದು. ಶಿನ್-ಫುಜಿಯಲ್ಲಿ ಇಳಿಯುವವರಿಗೆ ಒಂದು ಎಚ್ಚರಿಕೆ: ಈ ಮಾರ್ಗದಲ್ಲಿ ಬೇರೆ ಯಾವ ರೈಲು ಮಾರ್ಗಕ್ಕೂ ಸೇರದ ಒಂದೇ ನಿಲ್ದಾಣ ಅದು. ಫುಜಿ ಸ್ಟೇಷನ್‌ಗೆ ಬಸ್ಸಿನಲ್ಲಿ ಹೋಗಬೇಕು.

ಚಳಿಗಾಲದಲ್ಲಿ ಗಿಫು-ಹಾಶಿಮಾ ಮತ್ತು ಮೈಬಾರಾ ನಡುವೆ, ಸೆಕಿಗಾಹಾರಾ ಹತ್ತಿರ, ಹಿಮ ಬಿದ್ದರೆ ಎಲ್ಲ ಗಾಡಿಗಳೂ ನಿಧಾನ ಆಗುತ್ತವೆ. ಹಳಿಯ ಪಕ್ಕದಲ್ಲಿ ನೀರು ಚಿಮ್ಮುವುದು ಕಂಡರೆ ಅದು ಹಿಮ ಹಾರದಂತೆ ಮಾಡಿದ ಏರ್ಪಾಡು. ಜನವರಿ, ಫೆಬ್ರವರಿಯಲ್ಲಿ ಒಸಾಕಾದಿಂದ ವಿಮಾನ ಹಿಡಿಯುವವರು ಒಂದು ಗಾಡಿ ಮೊದಲೇ ಹೊರಡಿ.

ಇಳಿಯುವ ಊರಿನ ಹೆಸರು ಬಾಗಿಲ ಮೇಲಿನ ಪರದೆಯಲ್ಲಿ ಇಂಗ್ಲಿಷ್‌ನಲ್ಲೂ ಬರುತ್ತದೆ, ದನಿಯಲ್ಲೂ ಹೇಳುತ್ತಾರೆ. ಹೆಸರು ಕೇಳಿದ ಕೂಡಲೇ ಪೆಟ್ಟಿಗೆ ಇಳಿಸಿಕೊಂಡು ಬಾಗಿಲಿಗೆ ಬನ್ನಿ. ವಾಪಸ್ ಹೋಗುವಾಗ ಫುಜಿಗೆ ಎ ಸೀಟು ಅಂತ ತಲೆಕೆಡಿಸಿಕೊಳ್ಳಬೇಡಿ. ಗಾಡಿ ಟೋಕಿಯೊ ಕಡೆ ಹೋದರೂ ಬೆಟ್ಟದ ಬದಿಯ ಸೀಟು ಇ ಆಗಿಯೇ ಇರುತ್ತದೆ, ಎಡಗೈ ಕಡೆ ಬರುತ್ತದೆ ಅಷ್ಟೇ. ಎರಡೂ ಸಲ ಇ ಕೇಳಿ.